ಒಲೆಯಿಲ್ಲದ ಹಡಗು

ಮೊದಲೇ ಹೇಳಿಬಿಡುತ್ತೇನೆ. ಹಡಗಿನಲ್ಲಿ ಜಾಸ್ತಿ ಬೆಲೆಯ ಕೋಣೆ ಹಿಡಿದದ್ದು ತಪ್ಪಲ್ಲ. ಮೂರು ದಿನಕ್ಕೆಂದು ಕೊಟ್ಟ ದುಡ್ಡಿನಲ್ಲಿ ಎರಡು ದಿನದ್ದು ದಂಡವಾಯಿತು, ದಂಡ ಮಾಡಿದವಳು ನಾನು. ನನ್ನ ಮಗ ಮಂಜಪ್ಪ ಊರಲ್ಲಿ ಕೇಳಿದವರಿಗೆಲ್ಲ "ಹವಾ ಸರಿ ಇರ್ಲಿಲ್ಲ" ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಹವಾ ಚೆನ್ನಾಗಿಯೇ ಇತ್ತು. ತಾಯಿಯ ಮಾನ ಉಳಿಸಲು ನೋಡುತ್ತಾನೆ, ಅದು ಅವನ ಒಳ್ಳೆಯತನ. ಆದರೆ ನನ್ನಂಥವರು ಇನ್ನೂ ಯಾರಾದರೂ ಹಡಗು ಹತ್ತುವವರಿದ್ದರೆ ಅವರ ದುಡ್ಡೂ ಹಾಳಾಗುವುದು ಬೇಡ ಎಂದು ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಕಾಗುಣಿತವನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತು ತಿದ್ದಲು ಬಿಟ್ಟಿಲ್ಲ.

ನಮ್ಮದು ತಾಳಗುಂದದ ಹತ್ತಿರ, ಭತ್ತ ಮತ್ತು ಮೆಕ್ಕೆಜೋಳ ಬೆಳೆಯುವ ಮನೆ. ಸೊಸೆ ಸರೋಜ ಸೊರಬದ ಕಡೆ ಕುಬಟೂರಿನವಳು. ಮೊಮ್ಮಗಳು ಪಲ್ಲವಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ನರ್ಸು, ರಜೆ ಸಿಕ್ಕಾಗ ಬಂದು ಹೋಗುತ್ತಾಳೆ. ಹಾಗೆ ಬಂದವಳು ಒಂದು ದಿನ ಅಡಿಗೆಮನೆ ಬಾಗಿಲಲ್ಲಿ ನಿಂತು, "ಅಮ್ಮ, ನಿಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ಆಯ್ತು. ಎಲ್ಲಿಗೆ ಹೋಗಣ ಹೇಳು. ನೀನು ಹೇಳಿದಲ್ಲಿಗೇ ಹೋಗದು" ಅಂದಳು.

ಸರೋಜ ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತಲಿಲ್ಲ. "ನಾನು ಎಲ್ಲಿಗೆ ಹೋದ್ರೂ ಹಿಂದೆ ಒಲೆ ಬರ್ತದೆ ಕಣೆ. ಒಲೆ ಬರದಿರೋ ಜಾಗ ಇದ್ರೆ ಹೇಳು, ಅಲ್ಲಿಗೆ ಹೋಗಣ."

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಕಡೆ ದೇವರ ದರ್ಶನಕ್ಕೆ ಹೋಗುವುದೆಂದರೆ ಟೆಂಪೋ ಮಾಡಿಕೊಂಡು ಹೋಗುವುದು. ಟೆಂಪೋದಲ್ಲಿ ಮೊದಲು ಹತ್ತುವುದು ಗ್ಯಾಸ್ ಸಿಲಿಂಡರು, ಆಮೇಲೆ ಒಲೆ, ಅಕ್ಕಿ ಚೀಲ, ದೊಡ್ಡ ಪಾತ್ರೆ. ಉಳಿದ ಜಾಗದಲ್ಲಿ ನಾವು. ನೀರು ಕಂಡ ಕಡೆ ಗಾಡಿ ನಿಲ್ಲಿಸಿ ಗಂಡಸರು ಮರದ ಕೆಳಗೆ ಟವೆಲ್ ಹಾಸಿಕೊಂಡರೆ, ಹೆಂಗಸರು ಒಲೆ ಇಳಿಸಿಕೊಂಡು ಚಿತ್ರಾನ್ನಕ್ಕೆ ಈರುಳ್ಳಿ ಹೆಚ್ಚುತ್ತಾರೆ. ಎಷ್ಟೋ ಊರುಗಳಲ್ಲಿ ಸರೋಜ ದೇವಸ್ಥಾನದ ಗೋಪುರ ನೋಡಿದ್ದು ಒಗ್ಗರಣೆಯ ಹೊಗೆಯ ಆಚೆಗೆ. ಹೋಟೆಲಿನಲ್ಲಿ ಉಣ್ಣೋಣ ಅಂದವರಿಗೆ "ಹೋಟ್ಲು ಅನ್ನ ಹೊಟ್ಟೆಗಾಗಲ್ಲ" ಎಂದು ಹೇಳುತ್ತಿದ್ದವಳು ನಾನೇ.

ಪಲ್ಲವಿ ಹದಿನೈದು ದಿನ ಬಿಟ್ಟು ಬಂದು, ಒಲೆ ಬರದ ಜಾಗ ಸಿಕ್ಕಿದೆ ಅಂದಳು. ಮುಂಬೈಯಿಂದ ಹೊರಡುವ ದೊಡ್ಡ ಹಡಗು, ಮೂರು ರಾತ್ರಿ ಸಮುದ್ರದ ಮೇಲೆ ಸುತ್ತಿಸಿ ವಾಪಸ್ ತಂದು ಬಿಡುತ್ತದೆ. ಅದರಲ್ಲಿ ಒಲೆ ಇರಲಿ, ಬೆಂಕಿಪೊಟ್ಟಣಕ್ಕೂ ಅವಕಾಶವಿಲ್ಲ. ಸರೋಜ ಅದನ್ನು ಕೇಳಿ ನಕ್ಕಳು. ಅವಳು ನಗುವುದು ಅಪರೂಪ ಅಂತಲ್ಲ, ಆದರೆ ಈ ನಗೆ ಬೇರೆ ತರಹ ಇತ್ತು.

ತಕರಾರು ಶುರುವಾದದ್ದು ಕೋಣೆಯ ವಿಷಯಕ್ಕೆ. ಎರಡು ನಮೂನೆ ಇದ್ದವು. ಒಂದು ಸಾಧಾರಣದ್ದು: ಕಿಟಕಿಯಿಲ್ಲದ ಒಂದೇ ಕೋಣೆ, ಕೆಳಗೆ ಎರಡು ಮಂಚ, ರೈಲಿನಲ್ಲಿದ್ದ ಹಾಗೆ ಮೇಲೆ ಎರಡು, ಊಟಕ್ಕೆ ದೊಡ್ಡ ಹಾಲಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಇನ್ನೊಂದಕ್ಕೆ ಪಲ್ಲವಿ ಪ್ರೀಮಿಯಂ ಅನ್ನುತ್ತಿದ್ದಳು: ಜೋಡಿ ಕೋಣೆ, ಸಮುದ್ರದ ಕಡೆ ಬಾಲ್ಕನಿ, ಕೂತಲ್ಲಿಗೇ ಊಟ, ದಿನಕ್ಕೆ ಎರಡು ಸಲ ಬಂದು ಕೋಣೆ ಓರಣ ಮಾಡಿ ಹೋಗುವವರು. ಬೆಲೆ ಒಂದೂವರೆ ಪಟ್ಟು.

ಮಂಜಪ್ಪ ಒಪ್ಪಲಿಲ್ಲ. "ಅಲ್ಲೂ ಒಲೆ ಇಲ್ಲ, ಇಲ್ಲೂ ಒಲೆ ಇಲ್ಲ. ಅದೇ ಹಡಗು, ಅದೇ ಸಮುದ್ರ. ಮೀನೇನು ಜಾಸ್ತಿ ದುಡ್ಡು ಕೊಟ್ಟೋರಿಗೆ ಬೇರೆ ಬಂದು ಕುಣೀತಾವಾ?" ಎಂದು ಕೇಳಿದ. ಕೇಳುವ ಹಾಗೇ ಇತ್ತು ಅವನ ಮಾತು. ಪಲ್ಲವಿ, "ಅಪ್ಪ, ನೀನು ಟ್ರ್ಯಾಕ್ಟರಿಗೆ ಹಾಡು ಹಾಕೋ ಡಬ್ಬ ಕೂರಿಸಿದೀಯಲ್ಲ, ಅದ್ರಿಂದ ಹೊಲ ಏನಾದ್ರೂ ಜಾಸ್ತಿ ಉಳ್ತಾ?" ಅಂದಳು. ಅದೂ ಕೇಳುವ ಹಾಗೇ ಇತ್ತು. ಸರೋಜಳನ್ನು ಕೇಳಿದರೆ "ನೀವೆಲ್ಲ ಹೇಳಿದಂಗೆ" ಅಂದಳು. ನೀವೆಲ್ಲ ಹೇಳಿದಂಗೆ ಎಂದು ನಾನೂ ಈ ಮನೆಯಲ್ಲಿ ಬಹಳ ವರ್ಷ ಹೇಳಿದವಳು. ಅದರ ಒಳಗೆ ಏನಿರುತ್ತದೆ ಎಂದು ನನಗೆ ಗೊತ್ತು. ಕೊನೆಗೆ ಮೂವರೂ ನನ್ನ ಮುಖ ನೋಡಿದರು. ಅವ್ವ ಹೇಗೂ ಕಡಿಮೆಯದ್ದೇ ಅನ್ನುತ್ತಾಳೆ ಎಂದು ಮಂಜಪ್ಪನಿಗೆ ಧೈರ್ಯ.

ನಾನು ಒಂದು ವಾರ ತೆಗೆದುಕೊಂಡೆ. ಹಡಗು ನೋಡಿದವಳಲ್ಲ ನಾನು, ನೋಡಿದ್ದು ಜೋಳ ಬಿಡಿಸುವ ಮಿಷನ್ನು. ಅದರಲ್ಲಿಯೂ ಎರಡು ನಮೂನೆ ಬರುತ್ತವೆ. ಒಬ್ಬನು ಚೀಲಕ್ಕೆ ಕಡಿಮೆ ಕೇಳುತ್ತಾನೆ, ಆದರೆ ತೆನೆ ತುಂಬುವ ಆಳು, ಚೀಲ ಹಿಡಿಯುವ ಆಳು ನಮ್ಮವು. ಇನ್ನೊಬ್ಬನು ಜಾಸ್ತಿ ಕೇಳುತ್ತಾನೆ, ಆಳುಗಳನ್ನೂ ಅವರ ಬುತ್ತಿಯನ್ನೂ ಅವನೇ ತರುತ್ತಾನೆ. ನಾವು ಯಾವಾಗಲೂ ಕಡಿಮೆಯವನನ್ನೇ ಕರೆದದ್ದು. ಆಳಿಗೇನು, ಮುಯ್ಯಿ ಇದೆ. ಇವತ್ತು ನಮ್ಮ ಹೊಲಕ್ಕೆ ನೀವು ಬನ್ನಿ, ನಾಳೆ ನಿಮ್ಮ ಹೊಲಕ್ಕೆ ನಾವು ಬರುತ್ತೇವೆ, ದುಡ್ಡಿನ ಮಾತೇ ಇಲ್ಲ. ಆದರೆ ಬಂದವರಿಗೆ ಎರಡು ಹೊತ್ತು ಊಟ, ಮೂರು ಸಲ ಚಾ ಆಗಬೇಕು. ಅದನ್ನು ಮಾಡುತ್ತಿದ್ದದ್ದು ಸರೋಜ. ಅವಳ ಕೈಯಿಗೆ ನಾವು ಯಾರೂ ಬೆಲೆ ಕಟ್ಟಿರಲಿಲ್ಲ, ಅದಕ್ಕೇ ಮಿಷನ್ನು ಕಡಿಮೆಯಾಗಿ ಕಂಡಿತ್ತು. ಇಷ್ಟು ವರ್ಷ ಕಣದಲ್ಲಿ ಕೂತು ಚೀಲ ಎಣಿಸಿದವಳಿಗೆ ಇದು ತಲೆಗೆ ಬಂದದ್ದು ಹಡಗಿನ ದೆಸೆಯಿಂದ.

ಪಲ್ಲವಿಯನ್ನು ಕೂರಿಸಿಕೊಂಡು ಕೇಳಿದೆ. "ಆ ಸಾಧಾರಣದ್ರಲ್ಲಿ ಮೇಲಿನ ಮಂಚ ಯಾರು ಹತ್ತೋದು?"

"ನಾನೊಂದು, ಅಮ್ಮ ಒಂದು."

"ಊಟದ ಸಾಲಲ್ಲಿ ನನಗೆ ನಿಲ್ಲೋಕಾಗಲ್ಲ, ಮಂಡಿ ನೋವು. ನನ್ನ ತಟ್ಟೆ ಯಾರು ತರೋದು?"

"ಅಮ್ಮ ತರ್ತಾಳೆ."

"ನಿಮ್ಮಪ್ಪಂದು?"

ಪಲ್ಲವಿ ಅಲ್ಲೇ ಕೂತಿದ್ದ ಮಂಜಪ್ಪನ ಕಡೆ ನೋಡಿದಳು. ಒಲೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಸರೋಜಳ ಜೊತೆ ಹಡಗು ಹತ್ತುತ್ತದೆ ಎಂದು ನನಗೆ ಖಾತ್ರಿಯಾಯಿತು. "ಜಾಸ್ತಿದೇ ಹಿಡೀರಿ" ಅಂದೆ. "ಬಾಲ್ಕನಿಗಲ್ಲ ಆ ದುಡ್ಡು, ಬೇರೆಯವರ ಕೈಗೆ. ಆ ಕೈ ಬೇಕಾದೋರು ಮನೇಲಿದ್ರೆ ಕೊಡಬೇಕು, ಇಲ್ದಿದ್ರೆ ಸಾಧಾರಣದ್ದೇ ಸಾಕು." ಮಂಜಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ಸರೋಜ ಎದ್ದು ಒಳಗೆ ಹೋದಳು. ನನಗೆ ನನ್ನ ಬುದ್ಧಿಯ ಮೇಲೆ ಎಷ್ಟು ಜಂಬ ಬಂತೆಂದರೆ, ಮರುವಾರ ಆನವಟ್ಟಿಗೆ ಹೋಗುವ ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಪಾಪ, ಅವಳು ಮಧ್ಯದ ಸ್ಟಾಪಿನಲ್ಲಿ ಇಳಿದುಹೋದಳು.

ಹಡಗು ಹತ್ತಿದ ದಿನವೇ ಊಟದಲ್ಲಿ ಎಡವಟ್ಟಾಯಿತು. ಬಿಳಿ ಬಟ್ಟೆ ಹಾಸಿದ ಮೇಜು, ನಾಲ್ಕು ಕುರ್ಚಿ. ಬಡಿಸುವವನು ತಟ್ಟೆ ಹಿಡಿದು ಬಂದು ನಿಂತ. ಮಂಜಪ್ಪ, ಪಲ್ಲವಿ ಕೂತರು. ಮಗನಿಗೆ ಸರಿಯಾಗಿ ಬಡಿಸುತ್ತಾನೋ ಇಲ್ಲವೋ ನೋಡೋಣ ಎಂದು ನಾನು ಕುರ್ಚಿ ಹಿಡಿದು ನಿಂತೆ. ಐವತ್ತು ವರ್ಷ ಗಂಡಸರು ಉಂಡ ಮೇಲೆ ಉಂಡವಳು, ಕಾಲು ತಾನಾಗಿ ನಿಂತಿತು. ನಾನು ನಿಂತೆನೆಂದು ಸರೋಜ ನಿಂತಳು. ನಾವಿಬ್ಬರೂ ನಿಂತಿದ್ದೇವೆಂದು ಬಡಿಸುವವನೂ ನಿಂತ. ಪಕ್ಕದ ಮೇಜಿನವರು ಏನೋ ಪ್ರಾರ್ಥನೆ ಇರಬೇಕೆಂದು ಅವರೂ ಚಮಚ ಕೆಳಗಿಟ್ಟರು. ಸಾರು ಆರಿತು.

ಕೋಣೆ ಓರಣ ಮಾಡಲು ಬರುತ್ತಿದ್ದದ್ದು ಸರೋಜಳ ವಯಸ್ಸಿನ ಒಬ್ಬ ಹೆಂಗಸು, ಎಲ್ಲೋ ಪೂರ್ವದ ಕಡೆಯವಳು. ಸಾಯಂಕಾಲ ಬಂದು ನನ್ನ ಹಾಸಿಗೆಯ ಸುಕ್ಕು ತೆಗೆದು, ಚಾ ಕುಡಿದ ಲೋಟ ಒಯ್ದು, ಟವೆಲ್ಲನ್ನು ಆನೆಯ ಹಾಗೆ ಮಡಿಚಿ ದಿಂಬಿನ ಮೇಲೆ ಕೂರಿಸಿ ಹೋದಳು. ಆನೆ ಚೆನ್ನಾಗಿತ್ತು, ಆದರೆ ನನಗೆ ಸಮಾಧಾನವಾಗಲಿಲ್ಲ. ನಾಳೆ ಇವಳ ಮನೆಗೆ ಹೋಗಿ ನಾನು ಏನು ಮಾಡಿಕೊಡಲಿ? ಬೆಳಿಗ್ಗೆ ಐದಕ್ಕೆ ಎದ್ದವಳೇ ನನ್ನ ಮಂಚದ ಹಾಸಿಗೆ ಸರಿ ಮಾಡಿದೆ, ಟವೆಲ್ ಮಡಿಚಿದೆ, ಕನ್ನಡಿ ಒರೆಸಿದೆ. ಲೋಟಗಳನ್ನು ಕೈ ತೊಳೆಯುವ ಬೋಗುಣಿಯಲ್ಲಿ ತೊಳೆದೆ. ಸದ್ದಿಗೆ ಆಚೆ ಕೋಣೆಯಿಂದ ಸರೋಜ ಎದ್ದು ಬಂದು, "ಅತ್ತೆ, ಬಿಡಿ, ನಾನು ಮಾಡ್ತೀನಿ" ಅಂದಳು. ನಾನು ಬಿಡಲಿಲ್ಲ. ಇಬ್ಬರೂ ಸೇರಿ ಎರಡು ಕೋಣೆ ಮುಗಿಸಿದೆವು.

ಆ ಹೆಂಗಸು ಬಂದು ನೋಡಿದಳು, ಮುಖ ಸಪ್ಪಗಾಯಿತು. ಪಲ್ಲವಿಯ ಹತ್ತಿರ ಹಿಂದಿಯಲ್ಲಿ ಏನೋ ಕೇಳಿದಳು. "ಅಜ್ಜಿ, ಅವರ ಕೆಲಸದಲ್ಲಿ ಏನು ತಪ್ಪಾಯ್ತು ಅಂತ ಕೇಳ್ತಿದಾರೆ. ಮೇಲಿನವರು ನೋಡಿದ್ರೆ ಇವರನ್ನೇ ಬೈತಾರಂತೆ."

"ತಪ್ಪಿಲ್ಲ ಅಂತ ಹೇಳು. ಇದು ಮುಯ್ಯಿ. ನಿನ್ನೆ ಅವಳು ಮಾಡಿದ್ಲು, ಇವತ್ತು ನಾನು."

ಮುಯ್ಯಿ ಎಂದರೇನೆಂದು ಹಿಂದಿಯಲ್ಲಿ ಹೇಳಲು ಪಲ್ಲವಿಗೆ ಬಹಳ ಹೊತ್ತು ಹಿಡಿಯಿತು. ಆ ಹೆಂಗಸು ಕೇಳಿಸಿಕೊಂಡು, ಹಾಗಾದರೆ ಇವತ್ತಿನದ್ದಕ್ಕೆ ತಾನು ನಮ್ಮೂರಿಗೆ ಬಂದು ಏನು ಮಾಡಬೇಕು ಎಂದು ಕೇಳಿದಳಂತೆ. "ತೆನೆ ಮುರಿಯೋಕೆ ಬಾ" ಅಂದೆ. ನಕ್ಕಳು. ನಕ್ಕು, ನಾನು ಹಾಸಿದ ಹಾಸಿಗೆಯನ್ನು ಪೂರ್ತಿ ಕಿತ್ತು ಮತ್ತೆ ಹಾಸಿದಳು.

ಆವತ್ತು ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತೆ. ಸುಮ್ಮನೆ ಕೂರುವ ಅಭ್ಯಾಸವಿಲ್ಲವೆಂದು ಮನೆಯಿಂದಲೇ ಅರಳೆ ತಂದಿದ್ದೆ, ದೇವರ ದೀಪಕ್ಕೆ ಬತ್ತಿ ಹೊಸೆಯೋಣ ಎಂದು. ಹತ್ತುವಾಗ ಹಡಗಿನವರು ತಪಾಸಣೆಯಲ್ಲಿ ನಾನು ಕಟ್ಟಿಕೊಂಡು ಬಂದಿದ್ದ ರೊಟ್ಟಿ ತೆಗೆದಿಟ್ಟುಕೊಂಡರು, ಅರಳೆಗೆ ಏನೂ ಅನ್ನಲಿಲ್ಲ. ಸೀರೆ ಸರಿಸಿ ಮೊಣಕಾಲ ಮೇಲೆ ಹೊಸೆಯುತ್ತಿದ್ದೆ. ಸರೋಜ ಬಂದಳು, ಒಂದು ಗಳಿಗೆ ಸಮುದ್ರ ನೋಡಿದಳು, ನನ್ನ ಕೈ ನೋಡಿದಳು, ಪಕ್ಕದ ಕುರ್ಚಿಯಲ್ಲಿ ಕೂತು ಅರ್ಧ ಅರಳೆ ಎತ್ತಿಕೊಂಡಳು. ಎದುರಿಗೆ ಕಣ್ಣು ಹಾಯುವಷ್ಟೂ ನೀರು. ನಾವಿಬ್ಬರೂ ತಲೆ ಬಗ್ಗಿಸಿ ಮೊಣಕಾಲು ನೋಡುತ್ತಿದ್ದೆವು. ಬಹುಶಃ ಆ ಹಡಗಿನಲ್ಲಿ ಅಷ್ಟು ದುಬಾರಿಯ ಬತ್ತಿಯನ್ನು ಯಾರೂ ಹೊಸೆದಿರಲಿಕ್ಕಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಸರೋಜ ಅಂದಳು, "ಅತ್ತೆ, ಒಂದು ಮಾತು. ಸಿಟ್ಟಾಗಬಾರ್ದು."

"ಹೇಳು. ಸಿಟ್ಟು ಬಂದ್ರೆ ಆಮೇಲೆ ನೋಡಣ."

"ಒಲೆ ಬಿಟ್ಟು ಬಂದ್ವಿ ಅಂದ್ಕಂಡಿದ್ದೆ. ನಿಮ್ಮನ್ನ ಕರ್ಕಂಬಂದಿದೀವಲ್ಲ."

ನಾನು ಹೊಸೆಯುವುದನ್ನು ನಿಲ್ಲಿಸಿದೆ.

"ನೀವು ಕೂರೋ ತನಕ ನಾನು ಹೆಂಗೆ ಕೂರ್ಲಿ? ನೀವು ಐದಕ್ಕೆ ಎದ್ರೆ ನನಗೆ ಹಾಸಿಗೇಲಿ ಮುಳ್ಳು ಚುಚ್ಚಿದಂಗಾಗ್ತದೆ. ಇಪ್ಪತ್ತೈದು ವರ್ಷದಿಂದ ಹಿಂಗೇ. ನೀವೇನೂ ಬೈದಿಲ್ಲ, ಎದ್ದೇಳು ಅಂತ್ಲೂ ಅಂದಿಲ್ಲ. ಬೈದಿದ್ರೆ ನಾನೂ ತಿರುಗಿ ಏನಾದ್ರೂ ಅಂದು ಮಲಗ್ತಿದ್ದೆ."

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ನಾನು ಒಳ್ಳೆಯ ಅತ್ತೆ ಎಂದು ಊರೆಲ್ಲ ಹೇಳುತ್ತದೆ, ನಾನೂ ಅದನ್ನೇ ನಂಬಿಕೊಂಡಿದ್ದೆ. ನಮ್ಮತ್ತೆ ಬೈಯುತ್ತಿದ್ದರು, ನಾನು ಬೈಯಲಿಲ್ಲ, ಜೊತೆಗೆ ದುಡಿದೆ. ಸೊಸೆಗೆ ಇದಕ್ಕಿಂತ ಇನ್ನೇನು ಬೇಕು ಎಂದುಕೊಂಡಿದ್ದೆ. ಬೈಯುವ ಅತ್ತೆಯಿಂದ ತಪ್ಪಿಸಿಕೊಳ್ಳಬಹುದು, ದುಡಿಯುವ ಅತ್ತೆಯಿಂದ ಎಲ್ಲಿಗೆ ಹೋಗುವುದು? ಹಡಗಿನ ಮೇಲೂ ಬಿಡದೆ ಬಂದಿದ್ದೆನಲ್ಲ. ಬೇರೆಯವರ ಕೈಗೆಂದು ದುಡ್ಡು ಕೊಡಿಸಿದವಳು ನಾನು, ಆ ಕೈ ಕೆಲಸ ಮಾಡದ ಹಾಗೆ ಅಡ್ಡ ನಿಂತವಳೂ ನಾನು. ಮಂಜಪ್ಪ ಹೇಳಿದ ಕಿಟಕಿಯಿಲ್ಲದ ಕೋಣೆಯನ್ನೇ ಹಿಡಿದಿದ್ದರೆ ಬತ್ತಿ ಇಷ್ಟೇ ಆಗುತ್ತಿತ್ತು.

ಉಳಿದ ಅರಳೆಯನ್ನು ಚೀಲಕ್ಕೆ ತುರುಕಿದೆ. "ನಾಳೆ ಕೂರ್ತೀನಿ" ಅಂದೆ.

ಕೂತೆ. ಕೂರುವುದು ಎಂಥ ಕೆಲಸ ಎಂದು ಮಾಡದವರಿಗೆ ಗೊತ್ತಾಗುವುದಿಲ್ಲ. ಗದ್ದೆ ನಾಟಿಗಿಂತ ಹೆಚ್ಚು ಸೊಂಟ ನೋಯುತ್ತದೆ. ಬೆಳಿಗ್ಗೆ ಎಚ್ಚರಾದರೂ ಮಲಗಿಯೇ ಇದ್ದು, ಆ ಹೆಂಗಸು ಬಂದಾಗ ಕೈ ಕಟ್ಟಿಕೊಂಡು ಕುರ್ಚಿಯಲ್ಲಿ ಕೂತು, ಅವಳು ಹಾಸಿಗೆ ಹಾಸುವುದನ್ನು ನೋಡಿದೆ. ಅವಳು ನನ್ನನ್ನು ನೋಡಿ, ತೆನೆ ಮುರಿಯುವ ಹಾಗೆ ಕೈ ತಿರುವಿ ತೋರಿಸಿ ನಕ್ಕಳು. ಊಟದ ಮೇಜಿನಲ್ಲಿ ಎಲ್ಲರಿಗಿಂತ ಮೊದಲು ನಾನು ಕುರ್ಚಿ ಎಳೆದುಕೊಂಡೆ. ನಾನು ಕೂತ ಬೆನ್ನಿಗೇ ಸರೋಜ ಕೂತಳು. ಅವಳು ಬಿಸಿ ಅನ್ನ ಉಣ್ಣುವುದನ್ನು ನಾನು ನೋಡಿದ್ದು ಕಡಿಮೆ. ಬಹಳ ನಿಧಾನಕ್ಕೆ ಉಣ್ಣುತ್ತಾಳೆ. ಊಟವಾದ ಮೇಲೆ ಬಾಲ್ಕನಿಯಲ್ಲಿ ಸಮುದ್ರ ನೋಡುತ್ತ ಕೂತವಳು ಹಾಗೆಯೇ ನಿದ್ದೆ ಹೋದಳು, ಎರಡು ತಾಸು ಏಳಲಿಲ್ಲ. ಅವಳು ಗೊರಕೆ ಹೊಡೆಯುತ್ತಾಳೆಂದು ನನಗೆ ಗೊತ್ತಾದದ್ದು ಆವತ್ತೇ. ಮಂಜಪ್ಪ ಎಬ್ಬಿಸಲು ಬಂದ. "ಡಾಲ್ಫಿನ್ ಕಾಣ್ತಾವಂತೆ" ಅಂದ. "ಕಂಡ್ರೆ ಕಾಣ್ಲಿ, ನಿನ್ನ ಪಾಡಿಗೆ ನೀನು ನೋಡ್ಕ ಹೋಗು" ಎಂದು ಕಳಿಸಿದೆ. ಒಂದೂವರೆ ಪಟ್ಟು ಬೆಲೆಯಲ್ಲಿ ನಮಗೆ ದಕ್ಕಿದ್ದು ಆ ಎರಡು ತಾಸು. ಅದಕ್ಕೆ ಆ ಬೆಲೆ ಹೆಚ್ಚಲ್ಲ. ಬಾಕಿಯದ್ದನ್ನು ನಾನು ಹಾಳು ಮಾಡಿದೆ.

ಈಗ ಯಾರಾದರೂ ಜಾಸ್ತಿ ದುಡ್ಡಿನ ಕೋಣೆ ಹಿಡಿಯಬಹುದಾ ಎಂದು ನನ್ನನ್ನು ಕೇಳಿದರೆ, ಮನೆಯ ಹಿರಿ ಹೆಂಗಸಿಗೆ ಸುಮ್ಮನೆ ಕೂರಲು ಬರುತ್ತದಾ ಎಂದು ಕೇಳುತ್ತೇನೆ. ಬಂದರೆ ಹಿಡಿಯಿರಿ. ಬರದಿದ್ದರೆ ಕಿಟಕಿಯಿಲ್ಲದ್ದೇ ಸಾಕು.

ಮುಂಬೈಯಲ್ಲಿ ಇಳಿದು, ಬಸ್ಸು ಬದಲಿಸಿ ಬದಲಿಸಿ, ಮರುದಿನ ಹೊತ್ತು ಮುಳುಗುವ ಮುಂಚೆ ಊರು ಸೇರಿದೆವು. ಮಾರನೆ ಬೆಳಿಗ್ಗೆ ಐದಕ್ಕೆ ಸರಿಯಾಗಿ ನನಗೆ ಎಚ್ಚರವಾಯಿತು. ಏಳಲಿಲ್ಲ. ಕಂಬಳಿಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಸೂರು ನೋಡುತ್ತ ಮಲಗಿದೆ. ಆರಾಯಿತು. ಸರೋಜಳ ಕೋಣೆಯ ಬಾಗಿಲು ತೆರೆಯಲಿಲ್ಲ. ಏಳಕ್ಕೆ ಮಂಜಪ್ಪ ನನ್ನ ತಲೆದೆಸೆಗೆ ಬಂದು ನಿಂತ.

"ಅವ್ವ, ಹುಷಾರಿಲ್ವಾ?"

"ಹುಷಾರಾಗಿದೀನಿ."

"ಮತ್ತೆ ಚಾ?"

"ಒಲೆ ಅಲ್ಲೇ ಐತಲ್ಲ."

ಅವನು ಅಡಿಗೆಮನೆಗೆ ಹೋದ. ಡಬ್ಬಗಳ ಮುಚ್ಚಳ ಒಂದೊಂದಾಗಿ ತೆರೆಯುವ ಸದ್ದು ಕೇಳಿಸಿತು. "ಅವ್ವ, ಚಾಪುಡಿ ಎಲ್ಲೈತೆ?" ಎಂದು ಕೂಗಿದ. ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ. ಆಮೇಲೆ ಹಾಲು ಉಕ್ಕಿ ಒಲೆಯ ಮೇಲೆ ಸೀದ ವಾಸನೆ ಬಂತು. ಬಾಯಿ ಬಿಗಿಹಿಡಿದು ಅಲ್ಲಾಡದೆ ಮಲಗಿದ್ದೆ, ಭೇಷ್ ಅಂದುಕೊಂಡೆ. ಕೆಳಗೆ ನೋಡಿದರೆ ನನ್ನ ಎರಡೂ ಕೈ ಕಂಬಳಿಯ ಅಂಚು ಹಿಡಿದು ಬತ್ತಿ ಹೊಸೆಯುತ್ತಿದ್ದವು.