ಆವರಣದ ಹೊರಗೆ ಉಳಿದ ನೀರು

ನಮ್ಮ ಮನೆಯಲ್ಲಿ ಗಣಿತದ ಪುಸ್ತಕ ತೆರೆದ ದಿನ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಮೊಮ್ಮಗಳು ಹತ್ತನೇ ಕ್ಲಾಸಿನಲ್ಲಿ ಗಣಿತ ಒಂದು ಬಿಟ್ಟು ಎಲ್ಲ ಪಾಸು. ಎರಡನೇ ಪರೀಕ್ಷೆಯಲ್ಲಿ ದಾಟಿದರೆ ಗೆಳತಿಯರ ಜೊತೆ ಮೂಡಿಗೆರೆಯ ಕಾಲೇಜಿಗೆ; ಇಲ್ಲದಿದ್ದರೆ ಅವರು ಬಸ್ಸು ಹತ್ತುವುದನ್ನು ನಾವಿರುವ ಕಾಫಿ ಎಸ್ಟೇಟ್ ಗೇಟಿನಲ್ಲಿ ನಿಂತು ನೋಡಬೇಕು ಅಂತ ಆಗಿತ್ತು. ನನಗೆ ಓದು ಬರಹ ಇಲ್ಲ. ನಾನು ಹೇಳುತ್ತಿದ್ದೇನೆ, ಅವಳೇ ಬರೆಯುತ್ತಿದ್ದಾಳೆ, ಮುಖ ಊದಿಸಿಕೊಂಡು.

ಅರ್ಧ ಕಡುಬು

ಬಣಕಲ್ಲಿನ ಟ್ಯೂಷನ್ ಟೀಚರ್ ನನ್ನನ್ನು ಕರೆದು ಹೇಳಿದರು: "ಆವರಣದ ಹೊರಗೆ ಅರ್ಧ ಅಂತಿದ್ರೆ ಒಳಗಿರೋ ಎಲ್ಲದಕ್ಕೂ ಅರ್ಧ ತಾಗ್ಬೇಕು ಅಜ್ಜಿ. ಇವಳು ಮೊದಲನೇದಕ್ಕೆ ಮಾತ್ರ ಮಾಡಿ ಮುಂದಕ್ಕೆ ಹೋಗ್ತಾಳೆ." ತಲೆಯಾಡಿಸಿದೆ. ಅರ್ಥ ಮಾತ್ರ ಆಗಲಿಲ್ಲ.

ಆ ಭಾನುವಾರ ಬರಬೇಕಿದ್ದ ನೆಂಟರು ಬರಲಿಲ್ಲ. "ಕಡುಬು ಅರ್ಧ ಮಾಡೇ, ಸಾಕು" ಅಂತ ಮೊಮ್ಮಗಳಿಗೆ ಹೇಳಿ ನಾನು ದನದ ಹಟ್ಟಿಗೆ ಹೋದೆ. ಬಂದು ನೋಡಿದರೆ ಪಾತ್ರೆಯಲ್ಲಿ ಅಕ್ಕಿ ತರಿ ಈಜುತ್ತಿದೆ. ತರಿ ಅರ್ಧ ಮಾಡಿದ್ದಾಳೆ. ನೀರೂ ಉಪ್ಪೂ ಪೂರ್ತಿ. ಆಗ ನನಗೆ ಟೀಚರ್ ಹೇಳಿದ್ದು ಅರ್ಥವಾಯಿತು.

ಅವಳ ಅಜ್ಜ ಇಣುಕಿ ನೋಡಿದರು. "ಇದನ್ನ ಉಂಡೆ ಕಟ್ಟೋದಾ ಮಾರಾಯ್ತಿ, ಲೋಟಕ್ಕೆ ಹಾಕೋದಾ?"

ಎಡಕ್ಕೆ ಹಾಕಿದ್ದು ಬಲಕ್ಕೂ

ಅವಳು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಭಿನ್ನರಾಶಿ ಹೋಗಬೇಕಾದರೆ ಸಮೀಕರಣದ ಎಡಗಡೆಯನ್ನು ಯಾವುದರಿಂದ ಗುಣಿಸುತ್ತೀವೋ ಬಲಗಡೆಯನ್ನೂ ಅದರಿಂದಲೇ ಗುಣಿಸಬೇಕಂತೆ. ಅವಳಿಗೆ ಅದು ತಲೆಗೆ ಹೋಯಿತೋ ಇಲ್ಲವೋ, ಜಗಲಿಯಲ್ಲಿದ್ದ ಅಜ್ಜನಿಗೆ ಚೆನ್ನಾಗಿ ಹೋಯಿತು. ಸಕ್ಕರೆ ಕಾಯಿಲೆಯ ಮನುಷ್ಯ.

ಸಂಜೆ ಮೊಮ್ಮಗಳ ಕಾಫಿಗೆ ಬೆಲ್ಲ ಹಾಕಿದೆ. ಅವರು ತಮ್ಮ ಲೋಟ ಮುಂದಕ್ಕೆ ತಳ್ಳಿದರು. "ಎಡಕ್ಕೆ ಹಾಕಿದ್ದು ಬಲಕ್ಕೂ ಹಾಕ್ಬೇಕು. ಟೀಚರೇ ಹೇಳಿದಾರೆ."

"ಆಗ್ಲಿ ರೀ," ಅಂದೆ. "ಬೆಳಿಗ್ಗೆ ಅವಳಿಗೆ ಬೈದದ್ದೂ ನಿಮಗೆ ಬಾಕಿ ಇದೆ. ಮೊದಲು ಅದು ತಗೊಳ್ಳಿ."

ಐದು

ಪರೀಕ್ಷೆಯ ದಿನ ಜೊತೆಗೆ ಹೋಗಿ ಶಾಲೆಯ ಗೋಡೆ ಪಕ್ಕ ಕೂತೆ. ಹೊರಗೆ ಬಂದ ಹುಡುಗಿಯರೆಲ್ಲ ದೊಡ್ಡ ಲೆಕ್ಕದ ಉತ್ತರ ಐದು, ಐದು ಅನ್ನುತ್ತಿದ್ದರು. ನಮ್ಮವಳು ಮಾತ್ರ ತಲೆ ತಗ್ಗಿಸಿಕೊಂಡು ಅಳುತ್ತಾ ಬಂದಳು.

"ನಿನಗೆ ಐದು ಬರ್ಲಿಲ್ವಾ?"

"ಬಂತು ಅಜ್ಜಿ."

"ಆವರಣ?"

"ಒಳಗಿರೋ ಎಲ್ಲದಕ್ಕೂ ತಾಗಿಸಿದ್ದೆ."

"ಮತ್ತೆ ಯಾಕೆ ಅಳು?"

"ಇಷ್ಟು ದಿನ ನನಗೆ ಒಂದು ಭಿನ್ನರಾಶಿ ಲೆಕ್ಕಕ್ಕೂ ಪೂರ್ಣ ಸಂಖ್ಯೆ ಬಂದಿರ್ಲಿಲ್ಲ. ಐದು ಅಂತ ಬಂದಾಗ ಎಲ್ಲೋ ತಪ್ಪಿದೀನಿ ಅನ್ನಿಸ್ತು. ಅದನ್ನ ಹೊಡೆದುಹಾಕಿ, ಹತ್ತೊಂಬತ್ತರ ಕೆಳಗೆ ಹದಿನೇಳು ಬರೆದೆ. ನೋಡೋಕೆ ಉತ್ತರದ ಹಾಗೇ ಇತ್ತು."

ನಗು ಬಂತು. ಬಸ್ಸಿನಲ್ಲಿ ಕೂತ ಮೇಲೆ ಆ ನಗು ನಿಂತಿತು. ಪರೀಕ್ಷೆಯಲ್ಲಿ ಅವಳ ಪಕ್ಕದಲ್ಲೇ ಕೂತಿದ್ದರೂ ಸರಿಯೋ ತಪ್ಪೋ ನನಗೆ ತಿಳಿಯುತ್ತಿರಲಿಲ್ಲ. ಆದರೆ ಆ ಹೊಡೆದುಹಾಕುವ ಕೈಯನ್ನು ಹಿಡಿದುಕೊಳ್ಳಬಹುದಿತ್ತು.

ಆ ಐದನ್ನು ಹಾಗೇ ಬಿಟ್ಟಿದ್ದರೆ ಪಾಸಾಗುತ್ತಿದ್ದಳು. ಆಗಲಿಲ್ಲ. ಗೆಳತಿಯರು ಬಸ್ಸು ಹತ್ತಿದರು, ಇವಳು ಗೇಟಿನಲ್ಲಿ ನಿಂತು ಕೈ ಬೀಸಿದಳು. ಈಗ ಮೂರನೇ ಪರೀಕ್ಷೆಗೆ ಮತ್ತೆ ಬಣಕಲ್ಲಿಗೆ ಹೋಗುತ್ತಾಳೆ. ಟೀಚರ್ ಹೊಸದೇನೂ ಕಲಿಸುತ್ತಿಲ್ಲವಂತೆ. ಉತ್ತರ ಬಂದ ಕೂಡಲೇ ಕೈಯಿಂದ ಪೆನ್ನು ಕಿತ್ತುಕೊಳ್ಳುತ್ತಾರೆ, ಅಷ್ಟೆ.