ಸೊರಬದ ದಾರಿಯಲ್ಲಿ ಸಕ್ಕರೆ ಸೈಕಲ್ಲು

ಸೈಕಲ್ಲಿಗೆ ಬಾವುಟ ಕಟ್ಟಿಕೊಂಡು ಊರು ದಾಟಿದರೆ ಸಾಕು, ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ರಸ್ತೆಗೆ ಬಂದು ಕೈ ಅಡ್ಡ ಹಿಡಿಯುತ್ತವೆ.

ಕಳೆದ ದಸರಾ ರಜೆಯಲ್ಲಿ ನಾನು ಮತ್ತು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳೆಯ ದಾವಣಗೆರೆಯಿಂದ ಕಾರವಾರಕ್ಕೆ ಸೈಕಲ್ ತುಳಿದೆವು. ದಾರಿಯ ಊರುಗಳಲ್ಲಿ ಸಕ್ಕರೆ ಕಾಯಿಲೆಯ ಬಗ್ಗೆ ತಿಳಿಸುವುದು, ಒಪ್ಪಿದವರ ಬೆರಳು ಚುಚ್ಚಿ ಪರೀಕ್ಷೆ ಮಾಡುವುದು, ಬಂದ ದೇಣಿಗೆಯನ್ನು ಬಡ ರೋಗಿಗಳ ಔಷಧಿಗೆ ಕೊಡುವುದು ಉದ್ದೇಶ.

ನನಗೆ ಇನ್ನೊಂದು ಉದ್ದೇಶವೂ ಇತ್ತು. ನನ್ನ ಹೆಂಡತಿ ಇದೇ ಕಾಯಿಲೆಯಿಂದ ತೀರಿಕೊಂಡಳು. ಅವಳ ಕಾಲಿನ ಹುಣ್ಣು ಕೊನೆಗೂ ಮಾಯಲಿಲ್ಲ. ಈಗ ಸೊರಬದಲ್ಲಿರುವ ಅವಳ ತಮ್ಮನ ಕಾಲಿನಲ್ಲೂ ಅಂಥದೇ ಹುಣ್ಣು. ಪರೀಕ್ಷೆ ಮಾಡಿಸು ಎಂದು ಫೋನ್ ಮಾಡಿದಾಗಲೆಲ್ಲ ಅವನು ಮಳೆಯ ವಿಷಯ ತೆಗೆಯುತ್ತಿದ್ದ. ಎದುರಿಗೇ ಹೋಗಿ ಕೂತರೆ ಮಳೆಯ ಬಗ್ಗೆ ಎಷ್ಟು ಹೊತ್ತು ಮಾತಾಡುತ್ತಾನೆ ನೋಡೋಣ ಎಂದುಕೊಂಡೆ.

ಪುಕ್ಕಟೆ ಚಹಾ

ಶಿಕಾರಿಪುರದ ಬಸ್ ನಿಲ್ದಾಣದ ಹತ್ತಿರ ಚಹಾ ಅಂಗಡಿಯವರೊಬ್ಬರು ನಮ್ಮ ಬಾವುಟ ಓದಿ ಬಹಳ ಮೆಚ್ಚಿಕೊಂಡರು. ನಿಮ್ಮಿಂದ ದುಡ್ಡು ಮುಟ್ಟುವುದಿಲ್ಲ ಎಂದರು. ಸಕ್ಕರೆ ಬೇಡ ಎಂದು ಸ್ಪಷ್ಟವಾಗಿ ಹೇಳಿದೆವು. ಬಂದ ಚಹಾ ಪಾಯಸದಂತಿತ್ತು. ಕೇಳಿದರೆ ಅವರು ಬಗ್ಗಿ, ಪಕ್ಕದ ಗಿರಾಕಿಗೆ ಕೇಳದಂತೆ ಹೇಳಿದರು:

“ಪುಕ್ಕಟೆ ಕೊಡೋ ಚಾಕ್ಕೆ ಸಕ್ಕರೆ ಬಿಟ್ರೆ ಜನ ನನ್ನ ಜಿಪುಣ ಅಂತಾರ್ರೀ ಸರ್. ಸಕ್ಕರೆ ಇಲ್ದಿದ್ದೇ ಬೇಕು ಅಂದ್ರೆ ದುಡ್ಡು ಕೊಡ್ರಿ.”

ಕೊಟ್ಟೆವು.

ಅಜ್ಜಿಯ ತೆಂಗಿನಕಾಯಿ

ತಾಳಗುಂದದ ಹತ್ತಿರ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಹಾಕಿದ್ದರು. ಕಾವಲಿಗೆ ಕೂತಿದ್ದ ಅಜ್ಜಿ ನಮ್ಮನ್ನು ಇಳಿಸಿದರು. ಬಾವುಟ, ದೂರದ ಊರು, ಬೆವರು ಎಲ್ಲ ನೋಡಿ ಇವರು ಹರಕೆ ಹೊತ್ತವರೇ ಎಂದು ಅವರಿಗೆ ಖಾತ್ರಿಯಾಗಿತ್ತು. ಪಾದಯಾತ್ರೆಯವರ ಕೈಯಲ್ಲಿ ತಮ್ಮ ಪಾಲಿನ ಕಾಯಿಯನ್ನೂ ದೇವರಿಗೆ ಕಳಿಸುವುದು ಇಲ್ಲಿ ವಾಡಿಕೆ. ಒಳಗೆ ಹೋಗಿ ಒಂದು ಕಾಯಿ ತಂದು ನನ್ನ ಚೀಲಕ್ಕೆ ಹಾಕಿದರು.

ನಾವು ಯಾವ ದೇವಸ್ಥಾನಕ್ಕೂ ಹೋಗುತ್ತಿಲ್ಲ, ಕಾರವಾರಕ್ಕೆ ಹೊರಟಿದ್ದೇವೆ ಎಂದು ವಿವರಿಸಿದೆ. ಅಲ್ಲಿ ಏನಿದೆ ಎಂದು ಕೇಳಿದರು. ಸಮುದ್ರ ಎಂದೆ. ಅಜ್ಜಿ ಸ್ವಲ್ಪ ಯೋಚಿಸಿದರು.

“ಹಂಗಾರೆ ಸಮುದ್ರಕ್ಕೇ ಒಡೀರಿ. ಕೇಳಿದ್ರೆ ತಾಳಗುಂದದಾಕಿ ಕೊಟ್ಲು ಅನ್ರಿ.”

ಟಗರಿನ ತೀರ್ಮಾನ

ತೊಗರ್ಸಿಯಲ್ಲಿ ಕುರಿ ಸಾಕುವ ಯಜಮಾನರೊಬ್ಬರು ನಮ್ಮ ಮಾತನ್ನೆಲ್ಲ ಗಮನವಿಟ್ಟು ಕೇಳಿದರು, ಒಳ್ಳೆಯ ಪ್ರಶ್ನೆಗಳನ್ನೂ ಕೇಳಿದರು. ಬೆರಳು ಕೊಡಿ ಎಂದಾಗ ಮಾತ್ರ, ಮೊದಲು ಟಗರಿಗೆ ಚುಚ್ಚಿ ತೋರಿಸಿ ಎಂದರು. ಗೆಳೆಯ ತಮಾಷೆಗೆ ಟಗರಿನ ಕಡೆ ಒಂದು ಹೆಜ್ಜೆ ಇಟ್ಟ. ಆಮೇಲೆ ಅವನನ್ನು ಎಬ್ಬಿಸಿ ಮಣ್ಣು ಕೊಡವಿದ್ದು ನಾನು.

“ನೋಡ್ರಿ, ಟಗರಿಗೇ ಬ್ಯಾಡಂತೆ,” ಎಂದು ಯಜಮಾನರು ಕೋಲು ಎತ್ತಿಕೊಂಡು ಹೊರಟರು.

ಯಾರದು ಜಾಸ್ತಿ?

ಸೊರಬ ತಲುಪಿದಾಗ ನನ್ನ ಭಾವಮೈದುನ ಕೇರಿಯವರನ್ನೆಲ್ಲ ತನ್ನ ಜಗಲಿಗೆ ಕರೆಸಿದ್ದ. ಮೇಜು ಕುರ್ಚಿ ಹಾಕಿದ, ಸಾಲು ಮಾಡಿಸಿದ, ಹಿಂದೆ ಸರಿದವರನ್ನು ಎಳೆದು ತಂದು ಕೂರಿಸಿದ. ಅವನು ಮಾತ್ರ ಕೂರಲಿಲ್ಲ. ನೀನು ಬಾ ಎಂದರೆ, ಮೊದಲು ಬಂದವರದ್ದಾಗಲಿ ಭಾವ, ಮನೆಯವರದ್ದು ಎಂಥ ಅವಸರ ಎಂದು ಕುಂಟುತ್ತ ಇನ್ನೊಬ್ಬರನ್ನು ಕರೆಯಲು ಹೋಗುತ್ತಿದ್ದ. ಸಾಲು ಕರಗುತ್ತಿತ್ತು. ಬಂದ ಕೆಲಸ ಆಗುವುದಿಲ್ಲವೆಂದು ನನಗೆ ಅನ್ನಿಸತೊಡಗಿತು.

ಅಷ್ಟರಲ್ಲಿ ಜಗಲಿಯ ಕೆಳಗೆ ಒಂದು ವಿಚಿತ್ರ ಗಮನಿಸಿದೆ. ಜನ ತಮ್ಮ ತಮ್ಮ ಸಂಖ್ಯೆಗಳನ್ನು ಪರೀಕ್ಷೆಯ ಅಂಕಗಳಂತೆ ಹೋಲಿಸುತ್ತಿದ್ದರು. ತೊಂಬತ್ತೈದು ಬಂದ ಹೆಂಗಸೊಬ್ಬರು, ಬೆಳಗಿಂದ ಏನೂ ತಿಂದಿಲ್ಲ, ಅದಕ್ಕೇ ಇಷ್ಟು ಕಮ್ಮಿ ಎಂದು ಸಂಕೋಚಪಡುತ್ತಿದ್ದರು.

ಕೊನೆಗೆ ಪಕ್ಕದ ಮನೆಯವರು ಬಂದರು. ಗದ್ದೆಯ ಬದುವಿನ ವಿಷಯದಲ್ಲಿ ಅವರಿಗೂ ನನ್ನ ಭಾವಮೈದುನನಿಗೂ ಮಾತಿಲ್ಲ. ಅವರದು ಇನ್ನೂರ ಅರವತ್ತು. ಇದು ಬಹಳ ಜಾಸ್ತಿ, ನಾಳೆಯೇ ಆಸ್ಪತ್ರೆಗೆ ಹೋಗಿ ಎಂದು ಗೆಳೆಯ ಒತ್ತಿ ಹೇಳಿದ. ಅವರು ‘ಬಹಳ ಜಾಸ್ತಿ’ಯವರೆಗೆ ಕೇಳಿಸಿಕೊಂಡು, ಟವೆಲ್ ಕೊಡವಿ ಹೆಗಲಿಗೆ ಹಾಕಿ, ಇಡೀ ಕೇರಿಗೆ ನಂದೇ ಜಾಸ್ತಿ ಎನ್ನುತ್ತ ಮೆಟ್ಟಿಲಿಳಿದರು.

ಅವರು ಹೋದ ದಿಕ್ಕನ್ನೇ ನನ್ನ ಭಾವಮೈದುನ ನೋಡಿದ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು ಬೆರಳು ಚಾಚಿದ.

“ಚುಚ್ಚಿ.”

ಅದು ಅಂಕವಲ್ಲ ಎಂದು ಹೇಳಲು ಗೆಳೆಯ ಬಾಯಿ ತೆರೆದ. ಶಾಲಾ ಮೇಷ್ಟ್ರಾಗಿ ತಪ್ಪು ತಿದ್ದಿಯೇ ಸಂಬಳ ತೆಗೆದುಕೊಳ್ಳುವವನು ನಾನು. ಆದರೂ ಮೇಜಿನ ಕೆಳಗೆ ಗೆಳೆಯನ ಕಾಲನ್ನು ಮೆಲ್ಲಗೆ ತುಳಿದೆ.

ಮುನ್ನೂರ ಹದಿನೆಂಟು ಬಂತು. ಭಾವಮೈದುನ ಎದ್ದು ನಿಂತು ಪಕ್ಕದ ಮನೆಗೆ ಕೇಳುವಂತೆ ಅದನ್ನು ಓದಿದ. ನಾನು ಅವನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿ, ಇದರಲ್ಲಿ ಕಡಿಮೆ ಬಂದಷ್ಟೂ ಒಳ್ಳೆಯದು, ನಿನ್ನ ಅಕ್ಕನಿಗೂ ಮೊದಲ ಸಲ ಸುಮಾರು ಇಷ್ಟೇ ಬಂದಿತ್ತು ಎಂದು ಹೇಳಿದೆ. ಅವನು ಬಗ್ಗಿ ತನ್ನ ಕಾಲಿನ ಹುಣ್ಣನ್ನು ನೋಡಿಕೊಂಡ. ಮಳೆಯ ಮಾತು ತೆಗೆಯಲಿಲ್ಲ.

ಬೆಳಿಗ್ಗೆ ಅವನೇ ಮೊದಲು ಸಿದ್ಧನಾಗಿದ್ದ. ಆಸ್ಪತ್ರೆಗೆ ಹೋದರೆ ಸಾಲಿನಲ್ಲಿ ಆಗಲೇ ಪಕ್ಕದ ಮನೆಯವರು ನಿಂತಿದ್ದರು. ಭಾವಮೈದುನ ನನ್ನನ್ನು ಕಂಬದ ಮರೆಗೆ ಎಳೆದುಕೊಂಡು ಹೋದ.

“ಭಾವ, ಗುಳಿಗೆ ನುಂಗ್ತೀನಿ, ಅನ್ನ ಕಮ್ಮಿ ಮಾಡ್ತೀನಿ, ನೀವು ಹೇಳಿದ್ದೆಲ್ಲ ಕೇಳ್ತೀನಿ. ಆದ್ರೆ ಕಮ್ಮಿ ಬಂದೋನೇ ಗೆದ್ದಂಗೆ ಅನ್ನೋದು ಮಾತ್ರ ಅವಂಗೆ ಹೇಳ್ಬ್ಯಾಡಿ.”