ನಾನು ನುಂಗಿದ ಒಂದು ವಾಕ್ಯ

ನಾಲಗೆಯನ್ನು ಹಿಡಿತದಲ್ಲಿಡು ಎಂದು ಐದು ಹೊತ್ತಿನ ನಮಾಜಿನಲ್ಲೂ ಬೇಡಿಕೊಳ್ಳುವವನು ನಾನು. ಆದರೂ ಒಂದು ನಮಾಜಿಗೂ ಇನ್ನೊಂದಕ್ಕೂ ನಡುವೆ ಏನಾದರೊಂದು ಆಗಿಯೇ ಬಿಡುತ್ತದೆ.

ಒಮಾನ್ ದೇಶದ ರೂವಿಯಲ್ಲಿ ನನ್ನದೊಂದು ಸಣ್ಣ ಬಟ್ಟೆ ಅಂಗಡಿ ಉಂಟು. ಊರಿಗೆ ಮರಳಿದ ಮೇಷ್ಟ್ರೊಬ್ಬರು ಹೋಗುವಾಗ ನನಗೊಂದು ದಪ್ಪ ಪುಸ್ತಕ ಕೊಟ್ಟು ಹೋದರು. ನೂರಾರು ವರ್ಷಗಳ ಹಿಂದೆ ಈ ಕರಾವಳಿಯ ಬಂದರುಗಳನ್ನೆಲ್ಲ ಸುತ್ತಿದ ಒಬ್ಬ ಚರಿತ್ರೆಕಾರನ ಬರಹದ ಉರ್ದು ಅನುವಾದ ಅದು. ಆ ಪುಣ್ಯಾತ್ಮ ಸುಲ್ತಾನನ ಪಟ್ಟಾಭಿಷೇಕವನ್ನೂ ಜಿನ್ನ್‌ಗಳ ಮದುವೆಯನ್ನೂ ಒಂದೇ ಶಾಯಿಯಲ್ಲಿ ಬರೆದಿಟ್ಟಿದ್ದಾನೆ. ಆದರೆ ಪ್ರಾಮಾಣಿಕ. ಅನುಮಾನದ ಕತೆ ಬಂದಲ್ಲೆಲ್ಲ ಕೊನೆಗೆ, "ಜನ ಹೀಗೆ ಹೇಳುತ್ತಾರೆ, ನಿಜ ಏನೆಂದು ಅಲ್ಲಾಹನೇ ಬಲ್ಲ" ಎಂದು ಸೇರಿಸಿದ್ದಾನೆ. ಪ್ರತಿ ಶುಕ್ರವಾರ ಸಂಜೆಯ ಅಸರ್ ನಮಾಜಿನ ಬಳಿಕ ದಾರ್ಸೈಟಿನ ನನ್ನ ಫ್ಲ್ಯಾಟಿನಲ್ಲಿ ನಾಲ್ಕು ಜನರಿಗೆ ಆ ಪುಸ್ತಕವನ್ನು ಕನ್ನಡದಲ್ಲಿ ಹೇಳತೊಡಗಿದೆ. ನಾಚಿಕೆಯ ಸಂಗತಿಗಳೆಲ್ಲ ಶುರುವಾದದ್ದು ಅಲ್ಲಿಂದ.

ಮೊದಲ ಶುಕ್ರವಾರ

ಸುಳ್ಳುಗಾರ ಬಗ್ಗಿ ನೋಡಿದರೆ ನೀರು ಬತ್ತುವ ಬಾವಿಯ ಕತೆ. ಮುಕ್ಕಾಲು ಗಂಟೆ ಹೇಳಿದೆ. ಯಾರೂ ಅಲುಗಲಿಲ್ಲ. ಕೊನೆಗೆ ಪುಸ್ತಕದಲ್ಲಿ ಇದ್ದ ಹಾಗೆಯೇ, "ನಿಜ ಏನೆಂದು ಅಲ್ಲಾಹನೇ ಬಲ್ಲ" ಎಂದೆ.

ಅಲ್ ಅಮೇರಾತಿನ ಗ್ಯಾರೇಜಿನಲ್ಲಿ ಕೆಲಸ ಮಾಡುವ ನಮ್ಮೂರಿನ ಮೆಕ್ಯಾನಿಕ್ ತಟ್ಟನೆ ಎದ್ದು ನಿಂತ.

"ಎಂತ ಕಾಕ ಇದು! ಅಲ್ಲಾಹನಿಗೆ ಮಾತ್ರ ಗೊತ್ತಿರುವುದಾದರೆ ನಮ್ಮನ್ನು ಯಾಕೆ ಕೂರಿಸಿದ್ದು? ನನ್ನ ಬಸ್ಸು ಹೋಯಿತು."

ಎಲ್ಲರೂ ನಕ್ಕರು. ನನ್ನ ಮುಖ ಸಣ್ಣದಾಯಿತು. ಮರುವಾರದಿಂದ ಆ ಒಂದು ವಾಕ್ಯವನ್ನು ನುಂಗಿಬಿಟ್ಟೆ. ನಾಲ್ಕು ಜನ ಇದ್ದವರು ಹದಿನಾಲ್ಕಾದರು. ಸಮೋಸ ತರಲು ಮೆಕ್ಯಾನಿಕ್ಕನೇ ಓಡುತ್ತಿದ್ದ. ಇದನ್ನು ನಾನು ಪುಸ್ತಕದ ಬರಕತ್ತು ಎಂದು ತಿಳಿದೆ, ಅಲ್ಲಾಹ್ ಕ್ಷಮಿಸಲಿ, ಅಸ್ತಗ್‌ಫಿರುಲ್ಲಾಹ್!

ಕುದುರೆಯ ಕೂದಲು

ಒಂದು ವಾಕ್ಯ ನುಂಗಿದವನಿಗೆ ಇನ್ನೆರಡು ಸೇರಿಸುವುದು ಕಷ್ಟವಲ್ಲ. ಗುಡ್ಡದ ಒಂದು ಹಳ್ಳದಲ್ಲಿ ಮಿಂದ ವ್ಯಾಪಾರಿಯ ಕುದುರೆಗೆ ಉದುರಿದ ಕೂದಲು ಮತ್ತೆ ಬಂತು ಎಂದು ಚರಿತ್ರೆಕಾರ ಬರೆದಿದ್ದ. ಕುದುರೆಯ ಕೂದಲಿನಲ್ಲಿ ಯಾರಿಗೆ ಆಸಕ್ತಿ? ಹೇಳುವಾಗ ಕುದುರೆಯನ್ನು ಬಿಟ್ಟು ವ್ಯಾಪಾರಿಗೇ ಕೂದಲು ಬರಿಸಿದೆ.

ಕೇಳುತ್ತಿದ್ದವರಲ್ಲಿ ನಮ್ಮ ಅಂಗಡಿ ಸಾಲಿನ ಚಹಾದವನೂ ಇದ್ದ. ಬೋಳುತಲೆ, ಎರಡು ತಿಂಗಳಲ್ಲಿ ಊರಿನಲ್ಲಿ ಮದುವೆ. ನನಗೆ ಅದು ಹೊಳೆಯಲೇ ಇಲ್ಲ. ಮೂರು ವಾರ ಕಳೆದ ಮೇಲೆ ಮೂಗು ಸುರಿಸುತ್ತಾ ಅಂಗಡಿಗೆ ಬಂದ.

"ಕಾಕ, ಎಷ್ಟು ಸಲ ಮುಳುಗಬೇಕು ಅಂತ ಬರೆದುಂಟು? ನಾನು ಟ್ಯಾಕ್ಸಿ ಮಾಡಿಕೊಂಡು ಹೋಗಿ ಮೂರು ಸಲ ಮುಳುಗಿದೆ."

ನನ್ನ ಕೈಯಲ್ಲಿದ್ದ ಬಟ್ಟೆಯ ಥಾನು ಜಾರಿತು. ಅವನ ಕೈ ಹಿಡಿದುಕೊಂಡು, "ಮಗನೇ, ನನ್ನನ್ನು ಕ್ಷಮಿಸು. ಪುಸ್ತಕದಲ್ಲಿ ಇರುವುದು ಕುದುರೆ. ಮನುಷ್ಯ ಮಾಡಿದ್ದು ನಾನು" ಎಂದೆ.

ಅವನು ನೆತ್ತಿ ಸವರಿಕೊಂಡ. ಮುಖ ಅರಳಿತು.

"ಹಾಗಾದರೆ ಬೇಜಾರಿಲ್ಲ ಕಾಕ. ಅಷ್ಟು ದೊಡ್ಡ ಕುದುರೆಗೇ ಬಂದದ್ದು ಹೌದಾದರೆ, ನನಗೆ ಬೇಕಾದದ್ದು ಅಂಗೈಯಷ್ಟು ಜಾಗಕ್ಕೆ ಮಾತ್ರ."

ರಾಣಿಯ ಮೆಣಸು

ನಮ್ಮ ಮೇಲಿನ ಮನೆಯಲ್ಲಿ ಮೈಸೂರಿನ ಇಂಜಿನಿಯರ್ ಒಬ್ಬರ ಸಂಸಾರ. ಕನ್ನಡ ಕಿವಿಗೆ ಬೀಳಲಿ ಎಂದು ಏಳನೇ ತರಗತಿಯ ಮಗಳನ್ನು ಶುಕ್ರವಾರ ಕೆಳಗೆ ಕಳಿಸುತ್ತಿದ್ದರು. ಬಂದರಿನ ರಾಣಿಯೊಬ್ಬಳು ದಡದಲ್ಲಿ ಒಳ್ಳೆಮೆಣಸಿನ, ಅಂದರೆ ಕಾಳುಮೆಣಸಿನ, ಮೂಟೆಗಳನ್ನು ಸುಟ್ಟು, ಆ ಹೊಗೆಯಿಂದ ಶತ್ರುಗಳ ಹಡಗನ್ನು ಓಡಿಸಿದ ಕತೆ ಅವಳಿಗೆ ಬಹಳ ಹಿಡಿಸಿತು. ಮಗು ಇಷ್ಟು ಕಣ್ಣರಳಿಸಿ ಕೇಳುತ್ತಿದೆಯಲ್ಲ ಎಂದು ನಾನು ಒಳ್ಳೆಮೆಣಸನ್ನು ಒಣಮೆಣಸಿನಕಾಯಿ ಮಾಡಿದೆ. ಅದೂ ಬ್ಯಾಡಗಿಯದು. ಹೊಗೆಗೆ ಘಾಟು ಬರಬೇಡವೇ?

ಹತ್ತು ದಿನದ ಮೇಲೆ ತಂದೆ ಮಗಳು ಇಬ್ಬರೂ ಬಂದರು. ತಂದೆಯ ಕೈಯಲ್ಲಿ ಶಾಲೆಯ ಪ್ರಾಜೆಕ್ಟ್, ಅದರ ತುಂಬ ಕೆಂಪು ಗೀಟು.

"ತಪ್ಪು ತಿಳ್ಕೋಬೇಡಿ ಭಾಯ್," ಎಂದರು ಅವರು ಸಂಕೋಚದಿಂದ. "ಆ ಕಾಲಕ್ಕೆ ಮೆಣಸಿನಕಾಯಿ ಈ ಕಡೆಗೆ ಬಂದೇ ಇರಲಿಲ್ಲವಂತೆ. ಟೀಚರ್ ಬರೆದಿದ್ದಾರೆ."

ನಾನು ನೆಲ ನೋಡಿದೆ. "ತಪ್ಪು ನನ್ನದು ಸರ್. ಪುಸ್ತಕದವನದ್ದಲ್ಲ."

"ಡೋಂಟ್ ವರಿ ಅಂಕಲ್," ಎಂದಳು ಮಗಳು. "ಹ್ಯಾಂಡ್‌ರೈಟಿಂಗ್‌ಗೆ ಎರಡು ಮಾರ್ಕ್ಸ್ ಸಿಕ್ಕಿದೆ. ಮಿಸ್ ಹೇಳಿದ್ರು, ನೆಕ್ಸ್ಟ್ ಟೈಮ್ ಸೋರ್ಸ್ ಚೇಂಜ್ ಮಾಡು ಅಂತ. ಅದಕ್ಕೇ ಇನ್ಮೇಲೆ ನಾನು ಫ್ರೈಡೇ ಬರಲ್ಲ."

ಕಫೀಲರ ಊರು

ಇಷ್ಟಾದ ಮೇಲಾದರೂ ಬುದ್ಧಿ ಬರಬೇಕಿತ್ತು. ಆದರೆ ದೊಡ್ಡ ಸುಳ್ಳು ಅದಕ್ಕಿಂತ ಮೊದಲೇ ಬಾಯಿಂದ ಹೊರಬಿದ್ದಾಗಿತ್ತು.

ನನ್ನ ಕಫೀಲರು ವಯಸ್ಸಾದ ಒಮಾನಿ. ನನ್ನ ವೀಸಾ, ಅಂಗಡಿಯ ಪರವಾನಗಿ ಎಲ್ಲವೂ ಅವರ ಹೆಸರಿನಲ್ಲಿ. ಹದಿನೇಳು ವರ್ಷಗಳಿಂದ ನನ್ನನ್ನು ಒಂದು ಕಾಗದ ಕೇಳಿದವರಲ್ಲ. "ನೀನು ಹೇಳಿದರೆ ಖಲಾಸ್, ಮುಗಿಯಿತು" ಎನ್ನುತ್ತಿದ್ದರು. ಚರಿತ್ರೆಕಾರ ಅವರ ಊರಿನ ಮೇಲೆ ಹಾದುಹೋಗಿದ್ದಾನೆ. ಆ ಹೆಸರು ಪುಸ್ತಕದಲ್ಲಿ ಬಂದ ದಿನ ನಾನು ಪ್ರೀತಿಯಿಂದಲೇ ಕತೆ ತಿರುಗಿಸಿದ್ದೆ. ಹಡಗು ಒಡೆದು ದಡ ಸೇರಿದ ನಲವತ್ತು ನಾವಿಕರಿಗೆ ಆ ಊರಿನವರು ನಲವತ್ತು ದಿನ ಊಟ ಹಾಕಿದರು ಎಂದಿದ್ದೆ. ಕಫೀಲರ ಗಾಡಿ ರಿಪೇರಿ ಮಾಡುವಾಗ ಮೆಕ್ಯಾನಿಕ್ ಅದನ್ನು ಅವರ ಕಿವಿಗೆ ಹಾಕಿದ. ಮರುದಿನವೇ ಫೋನ್ ಬಂತು.

"ಶುಕ್ರವಾರ ನಮ್ಮೂರಿನ ಮಜ್ಲಿಸಿಗೆ ಬಾ, ಊರಿನ ಹಿರಿಯರೆಲ್ಲ ಸೇರುತ್ತಾರೆ. ಪುಸ್ತಕ ತಾ. ಎಲ್ಲರ ಎದುರು ಓದಿ ಹೇಳಬೇಕು."

ಪುಟ ತೆರೆದು ನೋಡಿದೆ. ಇದ್ದದ್ದು ಇಷ್ಟೇ: ಆ ಊರಿನವರು ಚರಿತ್ರೆಕಾರನ ಬಿಳಿ ಕತ್ತೆಯನ್ನು ಕದ್ದು, ಅದಕ್ಕೆ ಕಪ್ಪು ಬಣ್ಣ ಬಳಿದು, ಅವನಿಗೇ ಮಾರಿದರು. ಈ ಒಂದು ಕತೆಯ ಕೊನೆಯಲ್ಲಿ "ಅಲ್ಲಾಹನೇ ಬಲ್ಲ" ಎಂದೂ ಬರೆದಿಲ್ಲ. ಕತ್ತೆ ಅವನದೇ ಅಲ್ಲವೇ, ಅನುಮಾನ ಎಲ್ಲಿಂದ ಬರಬೇಕು?

ಗುಡ್ಡದ ದಾರಿಯುದ್ದಕ್ಕೂ ಸೈತಾನ ಪಿಸುಗುಟ್ಟುತ್ತಲೇ ಇದ್ದ, ಅಲ್ಲಿ ಉರ್ದು ಓದಬಲ್ಲವರು ಯಾರೂ ಇಲ್ಲ ಎಂದು. ಅವರ ಊರಿನ ಮಸೀದಿಯಲ್ಲಿ ಎರಡು ರಕಅತ್ ನಮಾಜು ಹೆಚ್ಚು ಮಾಡಿದೆ. ವೀಸಾ ಹೋದರೆ ಹೋಗಲಿ, ಈ ಮನುಷ್ಯನ ನಂಬಿಕೆಗೆ ಇನ್ನೊಂದು ಸುಳ್ಳು ತಿನ್ನಿಸಲಾರೆ ಎಂದುಕೊಂಡು ಎದ್ದೆ.

ಮಜ್ಲಿಸಿನಲ್ಲಿ ಇಪ್ಪತ್ತು ಜನ. ಹಲ್ವಾ, ಖರ್ಜೂರ, ಕಹ್ವಾ ಕಾಫಿ. ನಡುವೆ ಗೋಡೆಗೆ ಒರಗಿ ಕಫೀಲರ ತಂದೆ, ತೊಂಬತ್ತು ದಾಟಿದ ಅಜ್ಜ.

"ಯಲ್ಲಾ, ಬೇಗ, ನಲವತ್ತು ನಾವಿಕರ ಕತೆ ಓದು," ಎಂದರು ಕಫೀಲರು ಹೆಮ್ಮೆಯಿಂದ.

"ಯಜಮಾನರೇ, ನಾವಿಕರೂ ಇಲ್ಲ, ಊಟವೂ ಇಲ್ಲ," ಎಂದೆ ನನ್ನ ಹರಕು ಅರಬ್ಬಿಯಲ್ಲಿ. "ಅದು ನಾನು ಕಟ್ಟಿದ ಸುಳ್ಳು."

ಅವರ ಕೈಯಲ್ಲಿದ್ದ ಕಹ್ವಾದ ಬಟ್ಟಲು ಬಾಯಿಯ ಹತ್ತಿರವೇ ನಿಂತಿತು. ಅವರ ಮುಖದ ಮೇಲಿನ ಆ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ.

"ಮತ್ತೆ ಏನು ಬರೆದಿದೆ?"

ತಲೆ ತಗ್ಗಿಸಿಯೇ ಹೇಳಿದೆ. ಕದ್ದದ್ದು, ಬಣ್ಣ ಬಳಿದದ್ದು, ಮಾರಿದ್ದು, ಎಲ್ಲ.

ಅಜ್ಜ ಕೋಲು ಊರಿಕೊಂಡು ಮುಂದೆ ಬಾಗಿದರು. "ಕತ್ತೆ ಬಿಳಿಯದೇ?"

"ಹೌದು."

"ಬಳಿದದ್ದು ಕಪ್ಪು?"

"ಹೌದು ಅಜ್ಜ. ಕ್ಷಮಿಸಬೇಕು."

ಅಜ್ಜ ಕೋಲಿನಿಂದ ನೆಲಕ್ಕೆ ಒಂದು ಕುಟ್ಟಿ, ಮಗನ ಕಡೆ ತಿರುಗಿದರು. ಹಲ್ಲಿಲ್ಲದ ಬಾಯಿ ಕಿವಿಯವರೆಗೂ ಅರಳಿತ್ತು.

"ಕೇಳಿದೆಯಾ? ಆ ಕತ್ತೆಯನ್ನು ಮಾರಿದ್ದು ತಮ್ಮ ಮುತ್ತಜ್ಜನ ಮುತ್ತಜ್ಜ ಅಂತ ಪಕ್ಕದ ಊರಿನವರು ಇಷ್ಟು ಕಾಲ ಕೊಚ್ಚಿಕೊಳ್ಳುತ್ತಿದ್ದರಲ್ಲ, ಕಳ್ಳರು! ಈ ಪುಟವನ್ನು ಹತ್ತು ಕಾಪಿ ತೆಗೆಸಿ ಅವರ ಮಸೀದಿಯ ಬಾಗಿಲಲ್ಲಿ ಹಂಚಿ ಬಾ. ಈ ಸತ್ಯವಂತನನ್ನೂ ಜೊತೆಗೆ ಕರೆದುಕೊಂಡು ಹೋಗು, ಸಾಕ್ಷಿಗೆ!"